ಅಣ್ಣ ಎತ್ತಿಕೊಟ್ಟ ನೆಲ

ಆ ಆರು ಕಿಂಡಿಗಳನ್ನು ಮುಚ್ಚಿದವಳು ನಾನು. ನೆಲ ಕುಸಿದ ಮರುದಿನ ಅವುಗಳಲ್ಲಿ ತುರುಕಿದ್ದ ಚಿಂದಿಯನ್ನು ಕಿತ್ತು ಒಲೆಗೆ ಹಾಕಿದವಳೂ ನಾನೇ. ಅಣ್ಣ ಬಂದು, ಮುರಿದ ಹಲಗೆಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಓಣಿಯ ಮಂದಿಯೆಲ್ಲ ಕೇಳುವಂತೆ "ತಪ್ಪು ನಂದ" ಎಂದಾಗ ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಒಂದು ಮಾತು ಆಡಬೇಕಿತ್ತು. ಆಡಲಿಲ್ಲ. ಹನ್ನೊಂದು ವರ್ಷ ಆಡಲಿಲ್ಲ.

ಹೋದ ಶ್ರಾವಣದಲ್ಲಿ ಅಣ್ಣ ತೀರಿಕೊಂಡ. ಖಾನಾಪುರಕ್ಕೆ ಮಣ್ಣಿಗೆ ಹೋದಾಗ ವಡಗಾವಿಯ ನಮ್ಮ ಓಣಿಯಿಂದ ಬಂದಿದ್ದ ಹಿರಿಯರೊಬ್ಬರು, "ಮನಷ್ಯಾ ಬಂಗಾರದಂಥಾವ. ಕೆಲಸ ಅಷ್ಟ ಒಂದೀಟು ಕಚ್ಚಾ ಇತ್ತು," ಎಂದರು. ಅವರು ಸುಳ್ಳು ಹೇಳಲಿಲ್ಲ. ನಮ್ಮ ಓಣಿಗೆ ಗೊತ್ತಿದ್ದದ್ದೇ ಅಷ್ಟು. ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು. ಹೆಚ್ಚುಕಮ್ಮಿಯಾದರೆ ಓದುವವರು ನಡೆಸಿಕೊಳ್ಳಬೇಕು.

ಅಣ್ಣ ನನಗಿಂತ ಏಳು ವರ್ಷ ದೊಡ್ಡವನು. ನಮ್ಮದು ನೇಕಾರರ ಮನೆ. ಅವನಿಗೆ ಮಗ್ಗದ ಮೇಲೆ ಪ್ರೀತಿಯಿತ್ತು, ನೇಯುವುದರ ಮೇಲೆ ಇರಲಿಲ್ಲ. ಅಪ್ಪ ಲಾಳಿ ಕೈಗೆ ಕೊಟ್ಟರೆ ಅದು ಯಾವ ಮರದ್ದು ಎಂದು ಮೂಸುತ್ತ ಕೂಡುತ್ತಿದ್ದ. "ಇದು ಮೂಸೂ ಮಗಾ ಐತಿ, ನೇಯೂ ಮಗಾ ಅಲ್ಲ," ಎಂದು ಬೇಸತ್ತು ಅಪ್ಪ ಅವನನ್ನು ಖಾನಾಪುರದ ಕಟ್ಟಿಗೆ ಕೊಯ್ಯುವ ಮಿಲ್ಲಿಗೆ ಹಚ್ಚಿದ. ಅಲ್ಲಿಯೇ ಬಡಿಗತನ ಕಲಿತ, ಅಲ್ಲಿಯೇ ಮದುವೆಯಾದ. ಕೊನೆಕೊನೆಗೆ ಅವನು ಎಣಿಸುವುದು ಮರಾಠಿಯಲ್ಲಿ, ಬೈಯುವುದು ಕನ್ನಡದಲ್ಲಿ ಆಯಿತು.

ಆ ಮೂಗು ಮಿಲ್ಲಿನಲ್ಲಿ ದೊಡ್ಡ ಹೆಸರು ಮಾಡಿತು. ಕೊಯ್ದ ಹಲಗೆಯ ತುದಿಗೆ ಮೂಗು ಹಚ್ಚಿ, ಕಣ್ಣು ಮುಚ್ಚಿ, "ಮತ್ತಿ. ಹ್ವಾದ ಬ್ಯಾಸಗ್ಯಾಗ ಕಡದದ್ದು. ಇನ್ನಾ ಎರಡು ತಿಂಗಳ ಆರಬೇಕು," ಎನ್ನುತ್ತಿದ್ದ. ಮಾಲೀಕರು ಲಾರಿ ಇಳಿಸಿಕೊಳ್ಳುವ ಮೊದಲು ಅವನನ್ನು ಕರೆಯುತ್ತಿದ್ದರು. ಅವನು ತಲೆ ಅಲ್ಲಾಡಿಸಿದರೆ ಲಾರಿ ಬಂದ ದಾರಿಯಲ್ಲೇ ತಿರುಗುತ್ತಿತ್ತು.

ಇನ್ನೊಂದು ಅಭ್ಯಾಸವಿತ್ತು. ಯಾರ ಮನೆಗೆ ಹೋದರೂ ಕೂಡುವ ಮೊದಲು ಬರಿಗಾಲಿನ ಹಿಮ್ಮಡಿಯಿಂದ ನೆಲವನ್ನು ಎರಡು ಸಲ ಗುದ್ದುತ್ತಿದ್ದ, ಕಿವಿ ಒಂದು ಕಡೆ ವಾಲಿಸಿ. ಅವನ ಹೆಂಡತಿ, ನಮ್ಮ ವೈನಿ, ನಗುತ್ತ ಹೇಳುತ್ತಿದ್ದಳು: "ನನ್ನ ನೋಡಾಕ ಬಂದಾಗ ಮೊದಲ ನಮ್ಮನಿ ನೆಲಾ ಗುದ್ದಿ ನೋಡಿದ್ರು. ಆಮ್ಯಾಲೆ ನನ್ನ ನೋಡಿದ್ರು. ನೆಲಾ ಪಾಸಾತು, ನಾನೂ ಪಾಸಾದ್ನಿ." ನನಗೆ ಗಂಡು ಗೊತ್ತುಮಾಡಲು ವಡಗಾವಿಗೆ ಬಂದಾಗಲೂ ಅವನು ಹುಡುಗನ ಜೊತೆ ಮಾತಾಡಿದ್ದು ಕಡಿಮೆ. ತಲೆಬಾಗಿಲಿನ ಚೌಕಟ್ಟನ್ನು ಮೇಲಿನಿಂದ ಕೆಳಗೆ ಸವರಿ, "ಚೌಕಟ್ಟು ನೆಟ್ಟಗೈತಿ. ಮಂದೀನೂ ನೆಟ್ಟಗ ಇರಬೇಕು," ಎಂದು ಅಪ್ಪನಿಗೆ ಹೇಳಿದ. ನನ್ನ ಮದುವೆ ಗಟ್ಟಿಯಾದದ್ದು ಆ ಚೌಕಟ್ಟಿನ ಮೇಲೆ.

ನನ್ನ ಗಂಡನ ಮನೆ ಎಂದರೆ ಮುಂದೆ ಒಂದು ಪಡಸಾಲೆ, ನಡುವೆ ಅಡುಗೆಮನೆ, ಹಿಂದೆ ಖುಲ್ಲಾ ಹಿತ್ತಲು. ಪಡಸಾಲೆಯಲ್ಲಿ ನಮ್ಮ ಮನೆಯವರ ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ತುಳಿಯುತ್ತ ನೇಯುವ ಮಗ್ಗ ಅದು. ನನಗೂ ನೇಯಲು ಬರುತ್ತಿತ್ತು. ಎರಡನೆಯ ಮಗ್ಗವನ್ನು ಹಿತ್ತಲಲ್ಲಿ ತಗಡಿನ ಮಾಡು ಹೊದಿಸಿ ಹಾಕಿದರು. ಹಿತ್ತಲು ತಗ್ಗಿನಲ್ಲಿತ್ತು. ಬೆಳಗಾವಿಯ ಮಳೆ ಹಿಡಿದರೆ ಕುಣಿಯೊಳಗೆ ಮೀನಖಂಡದವರೆಗೆ ನೀರು ಬರುತ್ತಿತ್ತು. ತೋಡಿ ಹಾಕಿದರೆ ಮಧ್ಯಾಹ್ನಕ್ಕೆ ಮತ್ತೆ ಅಷ್ಟೇ. ಮೊದಲ ಮಳೆಗಾಲ ನಾನು ನೀರಿನಲ್ಲಿ ಕಾಲಿಟ್ಟೇ ನೇಯ್ದೆ.

ಅಣ್ಣ ಅಮಾವಾಸ್ಯೆಗೆ ಬರುತ್ತಿದ್ದ. ಅವತ್ತು ನೇಕಾರರು ಮಗ್ಗ ಮುಟ್ಟುವುದಿಲ್ಲ, ತಂಗಿಯ ಜೊತೆ ಕೂತು ಮಾತಾಡಬಹುದು ಎಂದು ಲೆಕ್ಕ ಹಾಕಿ ಲೋಂಡಾ ಪ್ಯಾಸೆಂಜರ್ ಹಿಡಿದು ಬರುತ್ತಿದ್ದ. ಆ ಸಲ ನನ್ನ ಕಾಲು ನೋಡಿದ. ಬೆರಳ ಸಂದಿಯೆಲ್ಲ ಬೆಳ್ಳಗೆ ಕೊಳೆತಿತ್ತು.

"ಇದೇನವಾ ಇದು, ಮನಷ್ಯಾರ ಕಾಲೋ ಎಮ್ಮಿ ಕಾಲೋ?"

"ಮಳಿ ನಿಂತಮ್ಯಾಲೆ ಕಡಿಮಿ ಆಗತೈತಿ ಬಿಡಣ್ಣಾ," ಎಂದೆ.

ಅವನು ಎದ್ದು ಹಿತ್ತಲಿಗೆ ಹೋಗಿ ಬಹಳ ಹೊತ್ತು ನಿಂತ. ಬಂದು ನಮ್ಮ ಮನೆಯವರಿಗೆ ಹೇಳಿದ: "ಹಿಂದ ಒಂದು ಖೋಲಿ ಎತ್ತೂಣು. ಮಣ್ಣ ತುಂಬಾಕ ಹೋಗಬ್ಯಾಡ್ರಿ, ತುಂಬಿದ ಮಣ್ಣು ನೀರ ಕುಡೀತೈತಿ. ಕಟಿಗಿ ನೆಲಾ ಮಾಡೂಣು, ಮಣಕಾಲ ಮಟಾ ಎತ್ತರದಾಗ. ಕುಣಿ ತೋಡೂದ ಬ್ಯಾಡ. ಹಲಗ್ಯಾಗ ಒಂದು ಬಾಯಿ ಬಿಟ್ರ ಕಾಲು ತಾವಾ ಕೆಳಗ ಇಳೀತಾವು. ಒಣಾ ಜಾಗಾ."

ನಮ್ಮ ಅತ್ತೆ ಗಲ್ಲದ ಮೇಲೆ ಕೈಯಿಟ್ಟುಕೊಂಡರು. "ಮಂದಿ ಮಣ್ಣಿನ ಮ್ಯಾಲ ಮನಿ ಕಟ್ಟತಾರ. ನಿಮ್ಮಣ್ಣ ಗಾಳಿ ಮ್ಯಾಲ ಕಟ್ಟಾಂವ!"

"ಹೌದರಿ ಅತ್ತಿ, ಗಾಳಿ ಮ್ಯಾಲನ ಕಟ್ಟಾಂವ," ಎಂದ ಅಣ್ಣ. "ಮಣ್ಣು ಕೈ ಕೊಡತೈತಿ. ಗಾಳಿ ಕೊಡಾಂಗಿಲ್ಲ."

ದೀಪಾವಳಿ ಮುಗಿದ ಮೇಲೆ ಖಾನಾಪುರದಿಂದ ಕಟ್ಟಿಗೆ ಬಂತು. ತೊಲೆ ಜಂತಿ ಎಲ್ಲ ಮತ್ತಿ. ಒಂದೊಂದನ್ನೂ ತಾನೇ ಮೂಸಿ ಆರಿಸಿ ತಂದಿದ್ದ. ಇಪ್ಪತ್ತು ದಿನ ನಮ್ಮ ಮನೆಯಲ್ಲೇ ಇದ್ದ. ಮೊದಲು ಗೌಂಡಿಯಿಂದ ಕಲ್ಲಿನ ಗಿಡ್ಡ ಗೋಡೆಗಳನ್ನು ಕಟ್ಟಿಸಿದ. ಅವುಗಳ ತಲೆಯ ಮೇಲೆ ಹಳೆಯ ಎಣ್ಣೆ ಡಬ್ಬಿಗಳ ತಗಡನ್ನು ಬಡಿದು ಹಾಸಿ, ಅದರ ಮೇಲೆ ಜಂತಿ ಕೂಡಿಸಿದ. ತಗಡು ಯಾಕೆ ಎಂದರೆ, "ಗೆದ್ದಲಕ್ಕ ಕಾಲ ಜಾರಬೇಕು," ಎಂದ. ಜಂತಿಯ ತುದಿಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದ. ಆ ಎಣ್ಣೆಗೆ ಅವನ ಅಂಗೈ ಸುಲಿದು, ಊಟದ ಹೊತ್ತಿಗೆ ರೊಟ್ಟಿ ಮುರಿಯಲಾರದೆ ನನ್ನ ಕಡೆ ನೋಡುತ್ತಿದ್ದ. ನಾನೇ ಮುರಿದು ಪಲ್ಯ ಹಚ್ಚಿ ಕೊಡುತ್ತಿದ್ದೆ. ಮಗ್ಗದ ಕಂಬಗಳನ್ನು ಹಲಗೆಯ ಮೇಲೆ ನಿಲ್ಲಿಸಲಿಲ್ಲ. ಹಲಗೆಯಲ್ಲಿ ತೂತು ಬಿಟ್ಟು ಕೆಳಗಿನ ಕಲ್ಲಿಗೇ ಇಳಿಸಿದ. "ಮಗ್ಗದ ಹೊಡ್ತ ಮಗ್ಗ ತಿನ್ನಲಿ. ನೆಲಾ ಯಾಕ ತಿನ್ನಬೇಕು?"

ಕೆಲಸ ಮುಗಿದ ದಿನ ನನ್ನನ್ನು ಹೊರಗೆ ಕರೆದೊಯ್ದ. ಹಲಗೆಗಳ ಕೆಳಗೆ, ಗೋಡೆಯ ಬುಡದಲ್ಲಿ ಈ ಕಡೆ ಮೂರು, ಆ ಕಡೆ ಮೂರು ಕಿಂಡಿ ಬಿಡಿಸಿದ್ದ, ಎದುರುಬದುರಾಗಿ. ಒಂದರ ಮುಂದೆ ಕೂತು ಬೀಡಿ ಹಚ್ಚಿ ಹೊಗೆ ಬಿಟ್ಟ. ಹೊಗೆ ಸರ್ರನೆ ಒಳಗೆ ಹೋಯಿತು.

"ಓಡು, ಆ ಬಾಜೂಕ ಹೋಗಿ ನೋಡು!"

ನಾನು ಸೆರಗು ಕಟ್ಟಿಕೊಂಡು ಸುತ್ತು ಹಾಕಿ ಓಡಿದೆ. ಎದುರಿನ ಕಿಂಡಿಯಿಂದ ಬೀಡಿಯ ಹೊಗೆ ಎಳೆಎಳೆಯಾಗಿ ಹೊರಗೆ ಬರುತ್ತಿತ್ತು. "ಬಂತಣ್ಣಾ!" ಎಂದು ಕೂಗಿದೆ. ಆ ಕಡೆಯಿಂದ ಅವನು ನಕ್ಕದ್ದು ನೆಲದ ಕೆಳಗಿನಿಂದಲೇ ನನಗೆ ಕೇಳಿಸಿತು.

ಹೋಗುವಾಗ ಒಂದೇ ಮಾತು ಹೇಳಿ ಹೋದ. "ಬಾಕಿ ಎಲ್ಲಾ ನಾ ನೋಡಕೊಂಡೇನಿ. ಈ ಆರು ಕಿಂಡಿ ಅಷ್ಟ ನಿನ್ನ ಕೈಯಾಗ. ಬೆಕ್ಕ ಹೊಗಲಿ, ಹಾವ ಹೊಗಲಿ, ಮುಚ್ಚಬ್ಯಾಡ. ಗಾಳಿ ಆಡಿದ್ರ ಈ ಕಟಿಗಿ ನನ್ನ ಮೊಮ್ಮಕ್ಕಳನ್ನ ನೋಡತೈತಿ."

ಆ ಮಳೆಗಾಲ ನನ್ನ ಕಾಲಿಗೆ ಹನಿ ನೀರು ತಾಗಲಿಲ್ಲ. ಕೆಳಗೆ ನೀರು ಬಂದು ಹೋಗುತ್ತಿತ್ತು, ನಾನು ಮೇಲೆ ಕೂತು ನೇಯುತ್ತಿದ್ದೆ. ಓಣಿಯ ಹೆಂಗಸರು ಬಂದು ಹಲಗೆಯ ಮೇಲೆ ಕಾಲು ಮಡಚಿ ಕೂತು, "ನಿಮ್ಮಣ್ಣಗ ಹೇಳವಾ, ನಮಗೂ ಮಾಡಿ ಕೊಡಲಿ," ಎನ್ನುತ್ತಿದ್ದರು.

ಆಮೇಲೆ ಚಳಿಗಾಲ ಬಂತು. ನೇಯುವವರಿಗೆ ಗೊತ್ತು, ಮೂಡಗಾಳಿ ಬಿಟ್ಟರೆ ಎಳೆ ಒಣಗುತ್ತದೆ, ಒಣಗಿದ ಎಳೆ ಹರಿಯುತ್ತದೆ. ಮಣ್ಣಿನ ಕುಣಿಯಿದ್ದಾಗ ಅದರ ತಂಪು ನೂಲನ್ನು ಕಾಯುತ್ತಿತ್ತು. ಅದಕ್ಕೇ ನಾವು ಮಗ್ಗದ ಕೋಣೆಯ ಕಿಟಕಿ ಮುಚ್ಚುತ್ತೇವೆ, ನೆಲಕ್ಕೆ ನೀರು ಚಿಮುಕಿಸುತ್ತೇವೆ. ಅಣ್ಣನ ನೆಲದಲ್ಲಿ ಗಾಳಿ ಕಿಂಡಿಯಿಂದ ಹೊಕ್ಕು, ನನ್ನ ಕಾಲು ಇಳಿಬಿಡುವ ಬಾಯಿಯಿಂದ ಮೇಲೆದ್ದು, ನೆಟ್ಟಗೆ ಮಗ್ಗಕ್ಕೆ ಹಾಸಿದ ಎಳೆಗಳಿಗೇ ಬಡಿಯುತ್ತಿತ್ತು. ಗೇಣು ನೇಯುವುದರೊಳಗೆ ನಾಲ್ಕು ಎಳೆ ಹರಿಯುತ್ತಿದ್ದವು. ಗಂಟು ಹಾಕಿ ಹಾಕಿ ಕಣ್ಣು ಉರಿಯುತ್ತಿದ್ದವು. ನಮಗೆ ನೂಲು ಕೊಟ್ಟು ಸೀರೆ ಒಯ್ಯುತ್ತಿದ್ದ ಶಹಾಪುರದ ಸಾವಕಾರರು ಸೀರೆಯನ್ನು ಬೆಳಕಿಗೆ ಹಿಡಿದು, "ತಂಗೀ, ಇದು ಸೀರಿ ಏನ, ಗಂಟಿನ ಚೀಲಾ?" ಎಂದು ಹೊಳ್ಳಿ ಎಸೆದರು.

ಅವತ್ತು ಎರಡು ಕಿಂಡಿ ಮುಚ್ಚಿದೆ. ವಾರದೊಳಗೆ ಆರೂ ಮುಚ್ಚಿದೆ. ಹಳೆಯ ಚಿಂದಿ, ಹರಿದ ನೂಲು ತುರುಕಿ ಮೇಲೆ ಮಣ್ಣು ಮೆತ್ತಿದೆ. ನೆಲದ ಕೆಳಗೆ ಒದ್ದೆ ಗೋಣಿಚೀಲ ಇಳಿಬಿಟ್ಟೆ. ಹಲಗೆಗೆ ದಿನಾ ನೀರು ಚಿಮುಕಿಸಿದೆ. ಎಳೆ ಹರಿಯುವುದು ನಿಂತಿತು. ಯುಗಾದಿಗೆ ತೆಗೆದರಾಯಿತು ಎಂದುಕೊಂಡೆ. ಯುಗಾದಿಗೆ ಬಿಸಿಗಾಳಿ ಎಂದೆ, ಮಳೆಗಾಲಕ್ಕೆ ಕಪ್ಪೆ ಹೊಗುತ್ತವೆ ಎಂದೆ, ಮತ್ತೆ ಚಳಿಗಾಲ ಬಂತು. ಮೂರು ವರ್ಷ ಹಾಗೆಯೇ ಹೋದವು. ಮುಚ್ಚಿದ್ದು ನನಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಕಿಂಡಿಗಳ ಮುಂದೆ ಎರಡೂ ಕಡೆ ಸಗಣಿಯ ಕುಳ್ಳು ಒಟ್ಟಿದ್ದೆ. ಅಣ್ಣ ಒಂದು ಅಮಾವಾಸ್ಯೆಗೆ ಬಂದು, "ಕುಳ್ಳ ಒಂದೀಟು ದೂರ ಒಟ್ಟವಾ, ಗಾಳಿ ತಡೀತಾವು," ಎಂದ. "ಹೂನಣ್ಣಾ," ಎಂದೆ. ಅವನು ಕುಳ್ಳು ಸರಿಸಿ ನೋಡಲಿಲ್ಲ. ತಂಗಿ ಹೂಂ ಎಂದ ಮೇಲೆ ನೋಡುವುದು ಏನಿದೆ?

ಮೂರನೆಯ ವರ್ಷ ಸಾವಕಾರರು ತಮ್ಮ ಕೈಕೆಳಗಿನ ನಾಲ್ಕು ನೇಕಾರರ ಮನೆಗೆ ಅಂಥದೇ ಖೋಲಿ ಮಾಡಿಸುವ ಮನಸ್ಸು ಮಾಡಿದರು. ಅಣ್ಣ ಮಿಲ್ಲಿನ ಕೆಲಸ ಬಿಟ್ಟ. ನನ್ನ ಹಲಗೆಯ ಮೇಲೆ ಕೂತು, ಕಿವಿಯ ಸಂದಿಯ ಪೆನ್ಸಿಲ್ ತೆಗೆದು ನಾಲಿಗೆಗೆ ಹಚ್ಚಿ, ನಾಲ್ಕೂ ಮನೆಯ ಅಳತೆ ಬರೆದುಕೊಂಡ. "ಇನ್ನ ಮಂದಿ ಕಟಿಗಿ ಕೊಯ್ಯೂದು ಸಾಕು ತಂಗಿ. ದಸರಾ ಆದಮ್ಯಾಲೆ ಸ್ವಂತ ಕೆಲಸ," ಎಂದ. ಅವನು ಅಷ್ಟು ಖುಷಿಯಾಗಿದ್ದನ್ನು ನಾನು ಮತ್ತೆ ನೋಡಲಿಲ್ಲ.

ನೆಲ ಕುಸಿದದ್ದು ಭಾದ್ರಪದದಲ್ಲಿ. ಅತ್ತೆ ನೂಲಿಗೆ ಹಾಕುವ ಗಂಜಿಯ ಬೋಗುಣಿ ಹಿಡಿದುಕೊಂಡು ಒಳಗೆ ಬಂದರು. ಗೋಡೆಯ ಬದಿಗೆ ಕಾಲಿಟ್ಟರು. ಹಲಗೆ ಮುರಿದ ಸಪ್ಪಳವೇ ಆಗಲಿಲ್ಲ, ಮೆತ್ತಗೆ ಬಾಯಿ ಬಿಟ್ಟಿತು. ಅತ್ತೆಯ ಎಡಗಾಲು ಮೊಣಕಾಲಿನವರೆಗೆ ಒಳಗೆ ಹೋಗಿ ಮುರಿಯಿತು. ನಮ್ಮ ಮನೆಯವರು ಅವರನ್ನು ಎತ್ತಿಕೊಂಡು ಟಾಂಗಾಕ್ಕೆ ಓಡುವಾಗ ನನ್ನ ಕಡೆ ತಿರುಗಿ, "ನಿಮ್ಮಣ್ಣನ ಕಟಿಗಿ! ನಮ್ಮವ್ವನ ಕಾಲ ತಿಂತು!" ಎಂದು ಚೀರಿದರು.

ಮರುದಿನ ಅವರು ದವಾಖಾನೆಯಲ್ಲಿದ್ದಾಗ ನಾನು ಕುಳ್ಳು ಸರಿಸಿ ಆರೂ ಕಿಂಡಿಗಳಿಂದ ಚಿಂದಿ ಕಿತ್ತೆ. ಮಣ್ಣು ತೊಳೆದೆ. ಗೋಣಿಚೀಲ ಎಳೆದು ತೆಗೆದೆ. ಬಚ್ಚಲ ಒಲೆಗೆ ತುರುಕಿದರೆ ಒದ್ದೆ ಚಿಂದಿ ಉರಿಯಲಿಲ್ಲ, ಹೊಗೆಯೇ ಎದ್ದಿತು. ಅಣ್ಣ ಮಧ್ಯಾಹ್ನದ ಗಾಡಿಗೆ ಬಂದಾಗ ಹಿತ್ತಲ ತುಂಬ ಹೊಗೆ. "ಏನ ಸುಡಾಕತ್ತೀ?" ಎಂದ. "ಹಳೇ ಅರಿವಿ," ಎಂದೆ. ಅದೊಂದು ಖರೇ ಹೇಳಿದೆ.

ಅವನು ಕುಸಿದ ಜಾಗದಲ್ಲಿ ಕೂತ. ಜಂತಿಯ ತುದಿಯನ್ನು ಬೆರಳಿನಿಂದ ಹಿಚುಕಿದ. ಅದು ಹಳಸಿದ ರೊಟ್ಟಿಯ ಹಾಗೆ ಉದುರಿತು. ಒಳಗೆ ಅರಳೆಯಂಥ ಬಿಳಿ ಬೂಷ್ಟು. ಎದ್ದು ಹೊರಗೆ ಹೋಗಿ ಕಿಂಡಿಗಳನ್ನು ಒಂದೊಂದಾಗಿ ನೋಡಿದ. ಆರೂ ತೆರೆದಿದ್ದವು. ಮತ್ತೆ ಬಂದು ಆ ಕಟ್ಟಿಗೆಯನ್ನು ಮೂಸಿದ. ಬಹಳ ಹೊತ್ತು ಮೂಸಿದ. ಅಷ್ಟೊತ್ತಿಗೆ ಸಾವಕಾರರು ಬಂದಿದ್ದರು, ಓಣಿಯ ಮಂದಿ ಬಂದಿದ್ದರು.

"ಏನ್ರೀ, ನಾಲ್ಕು ಮಳಿಗಾಲ ತಡೀಲಿಲ್ಲಲ್ಲ ನಿಮ್ಮ ಕೆಲಸಾ?" ಎಂದರು ಸಾವಕಾರರು.

"ಗಾಳಿ ಆಡೇತಿ, ನೀರ ಇಳದೈತಿ, ತಗಡ ಸರಿ ಐತಿ," ಎಂದು ಅಣ್ಣ ತನಗೆ ತಾನೇ ಲೆಕ್ಕ ಹಾಕಿದ. ಆಮೇಲೆ ತಲೆ ಎತ್ತದೆ ಹೇಳಿದ: "ಹಂಗಾರ ಕಟಿಗೀನ ಹಸೀ ಇತ್ತರಿ. ಆರೈತಿ ಅಂತ ತಿಳಕೊಂಡಿದ್ನಿ. ತಪ್ಪು ನಂದ."

ನಾನು ಬಾಗಿಲ ಮರೆಯಲ್ಲಿದ್ದೆ. ಹೇಳಿದರೆ ಗಂಡ ನನ್ನನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಾನೋ ಇಲ್ಲವೋ, ಅತ್ತೆ ದವಾಖಾನೆಯಿಂದ ಬಂದು ಏನು ಮಾಡುತ್ತಾರೋ ಎಂಬ ಹೆದರಿಕೆ. ನಾಳೆ ಹೇಳೋಣ, ಅಣ್ಣನಿಗೊಬ್ಬನಿಗೇ ಹೇಳೋಣ ಎಂದುಕೊಂಡೆ. ಸಾವಕಾರರ ನಾಲ್ಕು ಮನೆಯ ಕೆಲಸ ಅವತ್ತೇ ಹೋಯಿತು. ಅಣ್ಣ ನೆಲಕ್ಕೆ ಫರಸಿ ಕಲ್ಲು ಹಾಸುವ ವ್ಯವಸ್ಥೆ ಮಾಡಿಸಿ, ದವಾಖಾನೆಗೆ ಹೋಗಿ ಅತ್ತೆಯ ಕಾಲು ಮುಟ್ಟಿ ನಮಸ್ಕಾರ ಮಾಡಿ, ಖಾನಾಪುರಕ್ಕೆ ಹೋಗಿ ಮತ್ತೆ ಅದೇ ಮಿಲ್ಲಿನ ಗರಗಸದ ಮುಂದೆ ನಿಂತ. ಅತ್ತೆ ಸಾಯುವತನಕ ಕುಂಟಿದರು. ಕುಂಟಿದಾಗಲೆಲ್ಲ ಅವನನ್ನೇ ನೆನೆದರು.

ಕೆಲಸ ಹೋದದ್ದು ಮಾತ್ರ ಆಗಿದ್ದರೆ ಬೇರೆ. ವೈನಿ ಒಂದು ಸಲ ಬಂದಾಗ ಹೇಳಿದ್ದನ್ನು ಕೇಳಿ ನನ್ನ ಕೈಯ ಲಾಳಿ ನಿಂತುಬಿಟ್ಟಿತು. "ಈಗ ಕಟಿಗಿ ಮೂಸೂದ ಬಿಟ್ಟಾರವಾ. ಮಾಲೀಕರು ಕರದ್ರ, 'ಬ್ಯಾರೆಯವರನ್ನ ಕೇಳ್ರಿ' ಅಂತಾರ. ಮನಿ ಸೌದಿ ಕಟಿಗಿ ತಂದ್ರೂ ನನ್ನ ಕೇಳತಾರ, 'ಇದು ಆರೇತೇನು ನೋಡು' ಅಂತ. ನನಗೇನ ತಿಳೀತೈತಿ?" ನಾನು ಅವನಿಂದ ಕಿತ್ತುಕೊಂಡದ್ದು ಏನು ಎಂದು ಅವತ್ತು ತಿಳಿಯಿತು. ಯಾರ ಮನೆಗೆ ಹೋದರೂ ನೆಲ ಗುದ್ದುವುದನ್ನೂ ಬಿಟ್ಟಿದ್ದ. ಕೂಡು ಎಂದಲ್ಲಿ ಕೂಡುತ್ತಿದ್ದ.

ಹೇಳಬೇಕೆಂದು ಖಾನಾಪುರಕ್ಕೆ ಎಷ್ಟು ಸಲ ಹೋದೆನೋ. ಅಷ್ಟರಲ್ಲಿ ಗರಗಸದ ಸಪ್ಪಳಕ್ಕೆ ಅವನ ಕಿವಿ ಮಂದವಾಗಿದ್ದವು. ಒಂದು ಸಲ ಚಹಾ ಕೊಡುತ್ತ ಮೆಲ್ಲಗೆ, "ಕಿಂಡಿ ನಾ ಮುಚ್ಚಿದ್ನಿ ಅಣ್ಣಾ," ಎಂದೆ. "ಸಾಕವಾ, ಇಷ್ಟ ಸಾಕು," ಎಂದು ಚಹಾದ ಬಸಿಗೆ ಕೈ ಅಡ್ಡ ಹಿಡಿದ. ಇನ್ನೊಂದು ಸಲ ಸ್ಟೇಷನ್ನಿನಲ್ಲಿ ಗಾಡಿ ಬರುವಾಗ ಹೇಳಿದೆ. ಅವನು ನಕ್ಕು ಕೈ ಬೀಸಿದ. ಅವನಿಗೆ ಕೇಳುವುದಿಲ್ಲ ಎಂದು ಗೊತ್ತಿದ್ದೇ ಹಾಗೆ ಹೇಳಿದೆ. ಹೇಳಿದೆ ಎಂದು ಮನಸ್ಸಿಗೆ ಸುಳ್ಳು ಸಮಾಧಾನ ಮಾಡಿಕೊಂಡು ಮನೆಗೆ ಬಂದೆ.

ನೆಲ ಕುಸಿದ ಹನ್ನೊಂದನೆಯ ವರ್ಷ ಅಣ್ಣ ಮಿಲ್ಲು ಬಿಟ್ಟ. ಆ ದಿನ ಎಲ್ಲರಿಗೂ ಚಹಾ, ಚೂಡಾ ಇಟ್ಟುಕೊಂಡಿದ್ದರು. ವೈನಿಯ ಜೊತೆ ನಾನೂ ಹೋಗಿದ್ದೆ. ಕರೆಂಟು ಹೋಗಿ ಗರಗಸ ನಿಂತಿತ್ತು. ಹತ್ತಿಪ್ಪತ್ತು ಮಂದಿ ಕಟ್ಟಿಗೆಯ ಒಟ್ಟಿಲುಗಳ ಮೇಲೆ ಕೂತಿದ್ದರು. ಅವನ ಜೊತೆ ಬಹಳ ವರ್ಷ ಗರಗಸ ಹಿಡಿದ ಸಂಗಡಿಗರೊಬ್ಬರು ಒಂದು ಹಲಗೆ ತಂದು ಅವನ ಮುಂದೆ ಹಿಡಿದು, ಕಿವಿಯ ಹತ್ತಿರ ಬಾಯಿ ಒಯ್ದು ಕೂಗಿದರು: "ಉಸ್ತಾದ್, ಹೋಗೂ ಮುಂದ ಒಂದ ಸಲಾ ಮೂಸಿ ಹೇಳ್ರಿ! ಆರೇತೋ ಇಲ್ಲೋ?"

ಅಣ್ಣ ಮೂಗು ಹಿಡಿದುಕೊಂಡು ಹಿಂದೆ ಸರಿದ. "ಬ್ಯಾಡೋ ಮಾರಾಯಾ! ತಂಗಿ ಮನಿ ನೆಲಾ ಕೆಡವಿದ ಮೂಗು ಇದು. ಇದನ್ನ ನಂಬಬ್ಯಾಡ!"

ಎಲ್ಲರೂ ನಕ್ಕರು. ಎಷ್ಟೋ ವರ್ಷದಿಂದ ಅವನು ಹೇಳಿಕೊಂಡು ಬಂದ ನಗೆಮಾತು ಅದೆಂದು ಅವರ ನಗುವಿನಿಂದಲೇ ತಿಳಿಯಿತು. ಅವನೂ ನಕ್ಕ. ನಗುತ್ತಲೇ ನನ್ನ ಕಡೆ ನೋಡಿ, ನನಗೆ ನೋವಾಯಿತೇನೋ ಎಂದು ಕೈ ಆಡಿಸಿ ಸಮಾಧಾನ ಮಾಡಿದ.

ನಾನು ಎದ್ದು ಅವನ ಹತ್ತಿರ ಹೋದೆ. "ಅಣ್ಣಾ, ಕಿಂಡಿ ನಾ ಮುಚ್ಚಿದ್ನಿ," ಎಂದೆ.

ಅವನು ಕಿವಿಗೆ ಅಂಗೈ ಹಚ್ಚಿದ. "ಆಂ? ಜೋರ ಹೇಳವಾ."

"ಕಿಂಡಿ! ಆರೂ ಕಿಂಡಿ!"

"ಏನಾಗೇತಿ ಕಿಂಡಿಗೆ? ಜೋರ, ಜೋರ!"

ಸುತ್ತಲಿನ ಮಂದಿ ನಮ್ಮ ಕಡೆ ತಿರುಗಿದ್ದರು. ವೈನಿ ಬಸಿ ಕೆಳಗಿಟ್ಟಳು. ಮೆಲ್ಲಗೆ ಹೇಳುವ ದಾರಿ ಇನ್ನು ಉಳಿದಿರಲಿಲ್ಲ. ಇಡೀ ಮಿಲ್ಲಿಗೆ ಕೇಳುವಂತೆ, ನನ್ನ ಗಂಟಲಿನಲ್ಲಿ ಇದ್ದಷ್ಟೂ ಶಕ್ತಿ ಹಾಕಿ ಕೂಗಿದೆ:

"ಆರೂ ಕಿಂಡಿ ನಾನ ಮುಚ್ಚಿದ್ನಿ, ಅಣ್ಣಾ! ಎಳಿ ಹರೀತಾವಂತ ಚಿಂದಿ ತುರಕಿದ್ನಿ! ಮೂರು ವರ್ಷ ತಗೀಲಿಲ್ಲ! ನೀ ಬರೂ ಮುಂದ ಕಿತ್ತ ಸುಟ್ನಿ! ನಿನ್ನ ಕಟಿಗಿ ಆರಿತ್ತು! ನಿನ್ನ ಮೂಗು ತಪ್ಪಿರಲಿಲ್ಲ! ನಂದ ತಪ್ಪಾತಣ್ಣಾ, ಹೊಟ್ಟ್ಯಾಗ ಹಾಕ್ಕೋ!"